ಹಳೇ ಗಲ್ಲಿಯ ಹೆಂಚಿನ ಮನೆ ಕೆಡವಿ ಚಿಕ್ಕ ಮನೆ ಕಟ್ಟುವುದು ಹೇಗೆ? ಚಿಕ್ಕಮಗಳೂರಿನವರಿಗೆ ಹಂತ ಹಂತದ ದಾರಿ

"ಕೋಟೆ ಹತ್ತಿರ ನಮ್ಮಜ್ಜನ ಕಾಲದ ಹೆಂಚಿನ ಮನೆ ಇದೆ. ಹದಿನೈದು ಅಡಿ ಅಗಲ, ಮೂವತ್ತು ಅಡಿ ಉದ್ದ. ಮಳೆಗಾಲ ಬಂದರೆ ಮನೆ ತುಂಬಾ ಪಾತ್ರೆ ಇಡಬೇಕು. ಕೆಡವಿ ಕಟ್ಟೋಣ ಅಂದ್ರೆ ಕೈಯಲ್ಲಿ ದುಡ್ಡಿಲ್ಲ. ಸಬ್ಸಿಡಿ ಸಿಗುತ್ತಾ?"

ಬಸವನಹಳ್ಳಿಯವರೂ ಇದನ್ನೇ ಕೇಳುತ್ತಾರೆ, ಉಪ್ಪಳ್ಳಿಯವರೂ ಇದನ್ನೇ ಕೇಳುತ್ತಾರೆ, ದಂಟರಮಕ್ಕಿಯವರೂ ಇದನ್ನೇ. ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಸಬ್ಸಿಡಿ ಸಿಗುತ್ತದೆ. ಆದರೆ ಹಳೇ ಬೀದಿಗಳಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವ ಜಾಗ ಬೇರೆ. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಅದಕ್ಕೇ ಈ ಲೇಖನದಲ್ಲಿ ಇಟ್ಟಿಗೆ, ಸಿಮೆಂಟಿನ ಮಾತು ತಡವಾಗಿ ಬರುತ್ತದೆ. ಬೇಸರ ಮಾಡಿಕೊಳ್ಳದೆ ಮೊದಲಿಂದ ಓದಿ.

1. ನೀವು ಯಾವ ವಿಭಾಗಕ್ಕೆ ಸೇರುತ್ತೀರಿ ನೋಡಿಕೊಳ್ಳಿ

ಈಗ ನಗರಗಳಲ್ಲಿ ನಡೆಯುತ್ತಿರುವುದು ಪ್ರಧಾನಮಂತ್ರಿ ಆವಾಸ್ ಯೋಜನೆ, ನಗರ 2.0. 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ, ಅವಧಿ ಐದು ವರ್ಷ. ಇದರಲ್ಲಿ ನಾಲ್ಕು ವಿಭಾಗಗಳಿವೆ. ಸ್ವಂತ ಜಾಗ ಇದ್ದು ತಾವೇ ನಿಂತು ಕಟ್ಟಿಸಿಕೊಳ್ಳುವವರಿಗೆ ಬಿಎಲ್‌ಸಿ. ಜಾಗವೇ ಇಲ್ಲದವರಿಗೆ ಸರ್ಕಾರ ಅಥವಾ ಖಾಸಗಿಯವರು ಕಟ್ಟಿದ ಮನೆ ಕೊಡುವುದು ಎಎಚ್‌ಪಿ. ಬಾಡಿಗೆ ಮನೆಗಳದ್ದು ಎಆರ್‌ಎಚ್. ಬ್ಯಾಂಕ್ ಸಾಲದ ಬಡ್ಡಿಯಲ್ಲಿ ರಿಯಾಯಿತಿ ಕೊಡುವುದು ಐಎಸ್‌ಎಸ್.

ಅಜ್ಜನ ಜಾಗದಲ್ಲಿ ಕಟ್ಟುವವರಿಗೆ ಬೇಕಾದದ್ದು ಬಿಎಲ್‌ಸಿ. ಇದಕ್ಕೆ ಕುಟುಂಬದ ವರ್ಷದ ಆದಾಯ 3 ಲಕ್ಷ ರೂಪಾಯಿ ಮೀರಬಾರದು. ಕೇಂದ್ರದ ಪಾಲು 1.5 ಲಕ್ಷ, ರಾಜ್ಯದ ಪಾಲು ಕನಿಷ್ಠ 1 ಲಕ್ಷ. ಒಟ್ಟು ಎರಡೂವರೆ ಲಕ್ಷ.

ಆದಾಯ ಜಾಸ್ತಿ ಇದ್ದು 9 ಲಕ್ಷದ ಒಳಗಿದ್ದರೆ ಐಎಸ್‌ಎಸ್ ನೋಡಿ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಸಾಲದ ಮೊದಲ 8 ಲಕ್ಷಕ್ಕೆ ಶೇ 4ರ ಬಡ್ಡಿ ರಿಯಾಯಿತಿ. ಎಲ್ಲ ಸೇರಿ ಹೆಚ್ಚೆಂದರೆ 1.80 ಲಕ್ಷ, ಅದೂ ಐದು ವರ್ಷದ ಕಂತಿನಲ್ಲಿ. ಎರಡನ್ನೂ ಒಟ್ಟಿಗೆ ಪಡೆಯಲು ಆಗುವುದಿಲ್ಲ.

ಜನ ಎಡವುವುದು ಈ ಎರಡು ಷರತ್ತಿನಲ್ಲಿ. ಒಂದು, ದೇಶದಲ್ಲಿ ಎಲ್ಲೇ ಆಗಲಿ ನಿಮ್ಮ ಕುಟುಂಬದವರ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ಕಡೂರಿನ ಹಳ್ಳಿಯಲ್ಲಿ ಹೆಂಡತಿ ಹೆಸರಿಗೆ ಆರ್‌ಸಿಸಿ ಮನೆ ಇದ್ದರೆ ಅರ್ಜಿ ಹೋಯಿತು. ಎರಡು, ಹಿಂದಿನ 20 ವರ್ಷದಲ್ಲಿ ಯಾವ ಸರ್ಕಾರಿ ವಸತಿ ಯೋಜನೆಯಲ್ಲೂ ಮನೆ ಪಡೆದಿರಬಾರದು. ಇಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮದುವೆಯಾದ ಮಗನದು ಬೇರೆ ಕುಟುಂಬ. ಆದ್ದರಿಂದ ಅಪ್ಪನಿಗೆ ಹಿಂದೆ ಸರ್ಕಾರಿ ಮನೆ ಸಿಕ್ಕಿತ್ತು ಎಂಬ ಒಂದೇ ಕಾರಣಕ್ಕೆ ಸುಮ್ನೆ ಕೂರಬೇಡಿ.

2. ಜಾಗ ನಿಮ್ಮ ಹೆಸರಿಗೆ ಬರಲಿ

ಆರು ತಿಂಗಳು ಹಿಡಿಯುವ ಕೆಲಸ ಇದು. ಅರ್ಜಿ ಕರೆದಾಗ ಶುರು ಮಾಡಿದರೆ ಆಗುವುದಿಲ್ಲ.

ಮೊದಲು ನಗರಸಭೆಗೆ ಹೋಗಿ ಖಾತೆ ಯಾರ ಹೆಸರಿನಲ್ಲಿದೆ ನೋಡಿ. ಅಜ್ಜನ ಹೆಸರಿನಲ್ಲಿದ್ದರೆ ಅಜ್ಜ, ಅಜ್ಜಿ, ಅಪ್ಪ, ತೀರಿಹೋದ ಪ್ರತಿಯೊಬ್ಬರ ಮರಣ ಪ್ರಮಾಣಪತ್ರ ಬೇಕು. ಹಳೆಯ ಸಾವುಗಳು ಎಷ್ಟೋ ಸಲ ನೋಂದಣಿಯೇ ಆಗಿರುವುದಿಲ್ಲ. ಒಂದು ವರ್ಷ ಮೀರಿದ ಸಾವನ್ನು ನೋಂದಾಯಿಸಲು ಅಧಿಕಾರಿಯ ಆದೇಶ ಬೇಕಾಗುತ್ತದೆ. ಸಮಯ ತಿನ್ನುವುದೇ ಇದು. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ.

ವಂಶವೃಕ್ಷದಲ್ಲಿ ಯಾರನ್ನೂ ಬಿಡಬೇಡಿ. "ಅತ್ತೆ ಮದುವೆಯಾಗಿ ತರೀಕೆರೆಗೆ ಹೋಗಿ ನಲವತ್ತು ವರ್ಷ ಆಯ್ತು, ಅವರನ್ನು ಯಾಕೆ ಸೇರಿಸೋದು" ಎನ್ನುವ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಸೇರಿಸಲೇಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ. ಆದರೆ ಪಾಲು ಇರುವ ಎಲ್ಲರ ಸಹಿ ಬೇಕು ಎನ್ನುವುದು ಎಲ್ಲರಿಗೂ ಒಂದೇ. ಬಿಟ್ಟುಹೋದ ಒಬ್ಬ ಅತ್ತೆ, ಪಾಯ ಹಾಕಿದ ಮೇಲೆ ತಡೆಯಾಜ್ಞೆ ತಂದರೆ ತಪ್ಪು ಅವರದಲ್ಲ ಅಲ್ವಾ?

ಕೆಲಸದ ಕ್ರಮ ಹೀಗಿರಲಿ:

ಮೊದಲು ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ. ಆಮೇಲೆ ಉಳಿದವರಿಂದ ನಿಮಗೆ ಹಕ್ಕು ಬಿಡುಗಡೆ ಪತ್ರ, ಅಂದರೆ "ಈ ಜಾಗದಲ್ಲಿ ನನ್ನ ಪಾಲನ್ನು ಬಿಟ್ಟುಕೊಟ್ಟಿದ್ದೇನೆ" ಎಂಬ ಪತ್ರ. ಅದು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಕೊನೆಗೆ ನಿಮ್ಮೊಬ್ಬರ ಹೆಸರಿಗೆ ಖಾತೆ. ಈ ಕ್ರಮ ತಿರುವುಮುರುವು ಮಾಡಲು ಹೋಗಬೇಡಿ. 2024ರ ಅಕ್ಟೋಬರ್‌ನಿಂದ ಇ-ಖಾತೆ, ಅಂದರೆ ಆನ್‌ಲೈನ್‌ನಲ್ಲಿ ಸಿಗುವ ಖಾತೆ, ಇಲ್ಲದ ಆಸ್ತಿಯ ಪತ್ರ ನೋಂದಣಿಯೇ ಆಗುವುದಿಲ್ಲ.

ಜಾಗ ದೊಡ್ಡದಿದ್ದು ಅಣ್ಣತಮ್ಮಂದಿರು ಹಂಚಿಕೊಳ್ಳುವುದಾದರೆ ವಿಭಾಗ ಪತ್ರ. ಕುಟುಂಬದೊಳಗಿನ ಈ ಪತ್ರಗಳಿಗೆ ಮುದ್ರಾಂಕ ಶುಲ್ಕ ಮಾರಾಟದ ಹಾಗೆ ಬೆಲೆಯ ಶೇಕಡಾವಾರು ಅಲ್ಲ, ನಿಗದಿತ ಮೊತ್ತ. ಆದ್ದರಿಂದ ಖರ್ಚಿಗೆ ಹೆದರಿ ಬಾಂಡ್ ಪೇಪರಿನ ಮೇಲೆ ಬರೆಸಿ ನೋಟರಿ ಸಹಿ ಹಾಕಿಸಿಕೊಂಡು ಬರಬೇಡಿ. ಅಂಥ ಕಾಗದದಿಂದ ಹಕ್ಕು ವರ್ಗ ಆಗುವುದಿಲ್ಲ. ಪಾಲುದಾರರಲ್ಲಿ ಹದಿನೆಂಟು ತುಂಬದ ಮಕ್ಕಳಿದ್ದರೆ ಮೊದಲು ವಕೀಲರನ್ನು ಕಾಣಿ, ಅವರ ಪಾಲು ಬಿಡಿಸಿಕೊಳ್ಳಲು ನ್ಯಾಯಾಲಯದ ಅನುಮತಿ ಬೇಕಾಗುತ್ತದೆ.

ಇನ್ನೊಂದು ಚಿಕ್ಕ ವಿಷಯ. ಈ ಯೋಜನೆಯಲ್ಲಿ ಮನೆ ಹೆಂಗಸಿನ ಹೆಸರಿಗೆ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಿಗೆ ಇರಬೇಕು ಎನ್ನುತ್ತಾರೆ. ಆಗ ಅಣ್ಣಂದಿರು ನೇರವಾಗಿ ನಿಮ್ಮ ಹೆಂಡತಿಗೆ ಹಕ್ಕು ಬಿಡುಗಡೆ ಬರೆದುಕೊಟ್ಟರೆ ನಡೆಯುವುದಿಲ್ಲ. ಆಕೆಗೆ ಆ ಜಾಗದಲ್ಲಿ ಮೊದಲೇ ಪಾಲು ಇಲ್ಲವಲ್ಲ. ಬಿಡುಗಡೆ ನಿಮ್ಮ ಹೆಸರಿಗೆ ಆಗಲಿ, ಅಲ್ಲಿಂದ ಆಕೆಗೆ ದಾನಪತ್ರ ಮಾಡಿ. ಪತ್ರ ಬರೆಯುವವರಿಗೆ ಇದನ್ನು ಮೊದಲೇ ಹೇಳಿ.

3. ಎ ಖಾತೆಯಾ, ಬಿ ಖಾತೆಯಾ?

ಖಾತೆ ಎಂದರೆ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂದು ನಗರಸಭೆ ಬರೆದುಕೊಂಡ ಲೆಕ್ಕ. ಮಾಲೀಕತ್ವದ ಪತ್ರ ಅಲ್ಲ. ಕ್ರಮಬದ್ಧ ಆಸ್ತಿಗೆ ಎ ಖಾತೆ. ಕನ್ವರ್ಷನ್ (ಕೃಷಿ ಜಮೀನಿನ ಭೂ ಪರಿವರ್ತನೆ) ಆಗದೆ, ಬಡಾವಣೆಗೆ ಒಪ್ಪಿಗೆ ಪಡೆಯದೆ ಹಂಚಿದ ಸೈಟುಗಳಿಗೆ ಬಿ ಖಾತೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಅಭಿಯಾನ ಮಾಡಿ ಬಿ ಖಾತೆ ಕೊಡಲು ಶುರು ಮಾಡಿತು. 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿ ಆಗಿದ್ದವಕ್ಕೆ ಮಾತ್ರ. ಬಿ ಖಾತೆ ಸಿಕ್ಕಿದರೆ ತೆರಿಗೆ ಕಟ್ಟಬಹುದು, ಸೈಟು ಸಕ್ರಮ ಆದಂತೆ ಆಗುವುದಿಲ್ಲ. ಬ್ಯಾಂಕಿನವರು ಅದನ್ನು ನೋಡಿ ಮುಖ ತಿರುಗಿಸುವುದೂ ಉಂಟು.

ಹಳೇ ಊರೊಳಗಿನ ಮನೆಗಳಿಗೆ ಈ ತಲೆನೋವು ಕಡಿಮೆ. ಊರಂಚಿನ ರೆವಿನ್ಯೂ ಸೈಟಿನವರು, ಅಂದರೆ ಕನ್ವರ್ಷನ್ ಆಗದ ಜಾಗದವರು, ಎಚ್ಚರವಾಗಿರಿ.

ಬಾಕಿ ತೆರಿಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಆ ವರ್ಷದ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಕಾವೇರಿ 2.0 ಪೋರ್ಟಲ್‌ನಲ್ಲಿ ಇಸಿ, ಅಂದರೆ ಋಣಭಾರ ಪತ್ರವನ್ನೂ ತೆಗೆಸಿ. ಅಜ್ಜ ಯಾವಾಗಲೋ ಮನೆ ಅಡವಿಟ್ಟು ನೋಂದಣಿ ಮಾಡಿಸಿದ್ದರೆ ಅದು ಆ ಪತ್ರದಲ್ಲಿ ಕಾಣುತ್ತದೆ. ಹಳೇ ವರ್ಷಗಳದ್ದು ಪೋರ್ಟಲ್‌ನಲ್ಲಿ ಸಿಗದಿದ್ದರೆ ಉಪನೋಂದಣಿ ಕಚೇರಿಯಲ್ಲಿ ಕೇಳಿ.

4. ರಸ್ತೆ ಅಗಲ ಆಗುತ್ತದಾ ಕೇಳಿ

ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಾಸ್ಟರ್ ಪ್ಲಾನ್ ಇರುತ್ತದೆ. ಯಾವ ರಸ್ತೆ ಎಷ್ಟು ಅಗಲ ಆಗಬೇಕು, ಯಾವುದು ವಾಸದ ವಲಯ ಎಂದು ಅದರಲ್ಲಿ ಗುರುತು ಹಾಕಿರುತ್ತಾರೆ. ನಿಮ್ಮ ಗಲ್ಲಿ ಅದರಲ್ಲಿ ಹೇಗಿದೆ ನೋಡಿ. ಎಂಜಿ ರೋಡ್, ಐಜಿ ರೋಡಿಗೆ ಮೈ ತಾಗಿಸಿಕೊಂಡ ಜಾಗಗಳು, ಕೆರೆ ಅಥವಾ ರಾಜಕಾಲುವೆ ಪಕ್ಕದವು ಇದನ್ನು ಬಿಡಲೇಬಾರದು. ಅರ್ಧ ದಿನದ ಕೆಲಸ.

5. ಅರ್ಜಿ ಹಾಕುವುದು

ಯೋಜನೆಯ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು, ನಗರಸಭೆಯ ವಸತಿ ವಿಭಾಗದಲ್ಲೂ ಕೇಳಬಹುದು. ರಾಜ್ಯದಲ್ಲಿ ವಸತಿ ಯೋಜನೆಗಳ ಹಣ, ಫಲಾನುಭವಿಗಳ ದಾಖಲೆ ನೋಡಿಕೊಳ್ಳುವುದು ರಾಜೀವ್ ಗಾಂಧಿ ವಸತಿ ನಿಗಮ. ಅಧಿಕೃತ ಕೊಳಗೇರಿ ಎಂದು ಘೋಷಣೆ ಆದ ಬಡಾವಣೆಯಾದರೆ ಕೊಳಗೇರಿ ಅಭಿವೃದ್ಧಿ ಮಂಡಳಿಯಲ್ಲೂ ವಿಚಾರಿಸಿ.

ಬೇಕಾದದ್ದು: ಮನೆಯವರೆಲ್ಲರ ಆಧಾರ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಅನ್ವಯಿಸಿದರೆ ಜಾತಿ ಪ್ರಮಾಣಪತ್ರ, ಜಾಗದ ಕಾಗದ, ಈಗಿನ ಮನೆಯ ಫೋಟೋ. ಆಧಾರ್‌ನಲ್ಲಿ "ಲಕ್ಷ್ಮಮ್ಮ", ಖಾತೆಯಲ್ಲಿ "ಲಕ್ಷ್ಮೀದೇವಮ್ಮ" ಎಂದಿದ್ದರೆ ಈಗಲೇ ಸರಿ ಮಾಡಿಸಿ. ಹಣ ಬರುವ ಹೊತ್ತಿಗೆ ಇಂಥ ಅಕ್ಷರವೇ ಅಡ್ಡ ಬರುವುದು.

"ಇಷ್ಟು ಸಾವಿರ ಕೊಡಿ, ಲಿಸ್ಟಿನಲ್ಲಿ ಹೆಸರು ಸೇರಿಸ್ತೀನಿ" ಎನ್ನುವವರು ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ಕೊಡಬೇಡಿ. ಅರ್ಜಿ ಸಂಖ್ಯೆ ನಿಮ್ಮ ಕೈಯಲ್ಲಿರಲಿ, ಅರ್ಜಿಗೆ ಕೊಟ್ಟ ಮೊಬೈಲ್ ನಂಬರ್ ನಿಮ್ಮದೇ ಆಗಿರಲಿ.

ಮಂಜೂರಾತಿ ಆದೇಶ ಕೈಗೆ ಬಂದು, ಖಾಲಿ ಜಾಗದ ಅಥವಾ ಹಳೇ ಮನೆಯ ಫೋಟೋ ಜಿಪಿಎಸ್ ಸಮೇತ ದಾಖಲಾಗುವ ತನಕ ಒಂದು ಹೆಂಚನ್ನೂ ತೆಗೆಯಬೇಡಿ. ಒಳ್ಳೇ ಮುಹೂರ್ತ ಇದೆ ಎಂದು ಮೊದಲೇ ಪಾಯ ಹಾಕಿದವರು ಆಮೇಲೆ ಕಚೇರಿಗೆ ಅಲೆದದ್ದೇ ಅಲೆದದ್ದು.

6. ನಕ್ಷೆ: ಇಂಚು ಇಂಚಿನ ಲೆಕ್ಕ

ಬಿಎಲ್‌ಸಿ ಮನೆ ಕಾರ್ಪೆಟ್ ಏರಿಯಾ 30 ಚದರ ಮೀಟರಿಗಿಂತ ಕಡಿಮೆ ಇರಬಾರದು, 45 ಮೀರಬಾರದು. ಗೋಡೆ ಬಿಟ್ಟು ಕಾಲಿಟ್ಟು ಓಡಾಡುವ ಜಾಗವೇ ಕಾರ್ಪೆಟ್ ಏರಿಯಾ. ಅಡಿ ಲೆಕ್ಕದಲ್ಲಿ ಸುಮಾರು 323ರಿಂದ 484 ಚದರಡಿ.

15×30ರ ಜಾಗವನ್ನೇ ತೆಗೆದುಕೊಳ್ಳಿ. ಸುತ್ತ ಎಷ್ಟು ಜಾಗ ಬಿಡಬೇಕು ಎನ್ನುವುದು ಸೈಟಿನ ಅಳತೆ, ರಸ್ತೆಯ ಅಗಲದ ಮೇಲೆ ಹೋಗುತ್ತದೆ. ಅದನ್ನು ನಗರಸಭೆಯಲ್ಲಿ ಕೇಳಿ ತಿಳಿಯಿರಿ. ಲೆಕ್ಕಕ್ಕೆ ಮುಂದೆ 3 ಅಡಿ ಮಾತ್ರ ಬಿಟ್ಟಿರಿ ಎಂದುಕೊಳ್ಳೋಣ. ಹೊರ ಅಳತೆ 15×27 ಉಳಿಯಿತು. ಮೇಸ್ತ್ರಿ ರೂಢಿಯಂತೆ 9 ಇಂಚಿನ ಗೋಡೆ ಎತ್ತಿದರೆ ಒಳಗೆ ಸಿಗುವುದು ಹದಿಮೂರೂವರೆ ಅಡಿ ಅಗಲ, ಇಪ್ಪತ್ತೈದೂವರೆ ಅಡಿ ಉದ್ದ: 344 ಚದರಡಿ. 6 ಇಂಚಿನ ಸಿಮೆಂಟ್ ಬ್ಲಾಕ್ ಹಾಕಿದರೆ 14×26: 364 ಚದರಡಿ. ಮೂರು ಇಂಚಿನ ವ್ಯತ್ಯಾಸಕ್ಕೆ 20 ಚದರಡಿ, ಒಂದು ಬಚ್ಚಲುಮನೆಯಷ್ಟು ಜಾಗ! ಒಳಗೋಡೆಗೆ 12, ಬೆಳಕಿಂಡಿಗೆ 9 ಚದರಡಿ ಕಳೆಯಿರಿ. 9 ಇಂಚಿನ ಗೋಡೆಯ ಮನೆ 323ರ ಅಂಚಿಗೆ ಬಂದು ನಿಲ್ಲುತ್ತದೆ. ಕೆಲಸದಲ್ಲಿ ಎರಡು ಇಂಚು ಆಚೀಚೆ ಆದರೂ ಮಿತಿಯಿಂದ ಕೆಳಗೆ. 6 ಇಂಚು ಸಾಕಾ, ಪಿಲ್ಲರ್ ಬೇಕಾ ಎನ್ನುವುದನ್ನು ಲೈಸೆನ್ಸ್ ಇರುವ ಇಂಜಿನಿಯರ್ ಹೇಳಲಿ. ಮುಂದೆ ಯಾವತ್ತೋ ಮಹಡಿ ಎತ್ತುವ ಆಸೆ ಇದ್ದರೆ ಅದನ್ನೂ ಪಾಯಕ್ಕೆ ಮೊದಲೇ ಹೇಳಿಬಿಡಿ.

ಬೆಳಕಿಂಡಿ ಎಂದೆನಲ್ಲ, ಅದನ್ನು ಉಳಿಸಲು ಹೋಗಬೇಡಿ. ಎರಡೂ ಪಕ್ಕ ಮನೆ ಅಂಟಿಕೊಂಡಿರುವ ಕಡೆ ನಡುಕೋಣೆಗೆ ಕಿಟಕಿ ಇಡಲು ಜಾಗವೇ ಇರುವುದಿಲ್ಲ. ನಮ್ಮ ಹಿರಿಯರು ತೊಟ್ಟಿಮನೆ ಕಟ್ಟಿದ್ದು ಸುಮ್ನೆ ಅಲ್ಲ. ಮೂರಡಿ ಮೂರಡಿಯ ಒಂದು ತೆರೆದ ಚೌಕ ನಡುವೆ ಬಿಟ್ಟರೆ ಅಡುಗೆಮನೆ, ಬಚ್ಚಲು, ಕೋಣೆ ಮೂರಕ್ಕೂ ಗಾಳಿ. ಮೇಲೆ ಜಾಲರಿ ಹಾಕಿ, ಕೆಳಗೆ ನೀರು ಹೋಗಲು ಕೊಳವೆ ಇಡಿ. ಬಟ್ಟೆ ಒಣಗಿಸಲೂ ಆಯಿತು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಲ್ಲಿ ಗಾಳಿಯಾಡದ ಮನೆ ಎಂದರೆ ಬೂಸಲು ಹಿಡಿದ ಗೋಡೆ, ಮಕ್ಕಳಿಗೆ ಕೆಮ್ಮು.

ಇನ್ನು ಪಕ್ಕದ ಮನೆ. ಹಳೇ ಹೆಂಚಿನ ಮನೆಗಳಲ್ಲಿ ಎರಡು ಮನೆಗೆ ಒಂದೇ ಮಣ್ಣಿನ ಗೋಡೆ ಇರುವುದು ಸಾಮಾನ್ಯ. ಅವರ ತೊಲೆ ನಿಮ್ಮ ಕಡೆಯ ಗೋಡೆ ಮೇಲೆ ಕೂತಿರುತ್ತದೆ. ನೀವು ಕೆಡವಿದರೆ ಅವರ ಸೂರು ಜಗ್ಗುತ್ತದೆ. ಕೆಡವುವ ಮೊದಲು ಇಬ್ಬರೂ ನಿಂತು ನೋಡಿ, ಫೋಟೋ ತೆಗೆದುಕೊಳ್ಳಿ. ಗೋಡೆ ಯಾರದು, ಆಸರೆ ಕಂಬ ಯಾರು ಕೊಡಬೇಕು, ಬಿರುಕು ಬಿಟ್ಟರೆ ಯಾರು ಸರಿ ಮಾಡಿಸಬೇಕು ಎಂದು ಬರೆದು ಸಹಿ ಹಾಕಿಸಿಕೊಳ್ಳಿ. ಅವರೂ ಕಟ್ಟುವ ಯೋಚನೆಯಲ್ಲಿದ್ದರೆ ಒಟ್ಟಿಗೇ ಕಟ್ಟಿ. ಕೆಡವುವುದು, ಮಣ್ಣು ಸಾಗಿಸುವುದು, ಸೆಂಟ್ರಿಂಗ್ ಎಲ್ಲದರಲ್ಲೂ ಉಳಿತಾಯ ಆಗುತ್ತದೆ, ಜಗಳವೂ ಕಡಿಮೆ.

ಹೊಸ ಗೋಡೆಗೂ ಪಕ್ಕದ ಗೋಡೆಗೂ ನಡುವೆ ಉಳಿಯುವ ಸಂದಿ ಮರೆಯಬೇಡಿ. ನಮ್ಮ ಮನೆ ಕಟ್ಟುವಾಗ ನಾಲ್ಕು ಬೆರಳಿನ ಸಂದಿ ಬಿಟ್ಟಿದ್ದೆವು. ಮೇಸ್ತ್ರಿ "ಏನಾಗಲ್ಲ ಬಿಡಿ" ಎಂದರು. ಮೊದಲ ಮಳೆಗಾಲಕ್ಕೇ ಮಲಗುವ ಕೋಣೆಯ ಗೋಡೆ ಸೊಂಟದೆತ್ತರಕ್ಕೆ ತೇವ. ಒಳಗೆ ಕೈ ಹೋಗದ ಸಂದಿಗೆ ಆಮೇಲೆ ಗಾರೆ ಮಾಡುವುದು ಹೇಗೆ? ಕೊನೆಗೆ ಮೇಲಿಂದ ತಗಡು ಬಾಗಿಸಿ ಮುಚ್ಚಿದೆವು. ಅದನ್ನು ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಹಾಕುವ ದಿನವೇ ಮಾಡಿದ್ದರೆ ಖರ್ಚು ಅರ್ಧವೂ ಬರುತ್ತಿರಲಿಲ್ಲ.

7. ದುಡ್ಡಿನ ಲೆಕ್ಕ

ಚದರಡಿಗೆ 2,000 ರೂಪಾಯಿ ಎಂದು ಇಟ್ಟುಕೊಳ್ಳಿ. ನಿಮ್ಮ ಮೇಸ್ತ್ರಿ ಹೇಳುವ ದರ ಹಾಕಿ ಇದೇ ಲೆಕ್ಕ ಮತ್ತೆ ಮಾಡಿ. 15×27, ಅಂದರೆ 405 ಚದರಡಿಗೆ 8.10 ಲಕ್ಷ. ಸಬ್ಸಿಡಿ 2.50 ಕಳೆದರೆ 5.60 ಲಕ್ಷ ನಿಮ್ಮ ತಲೆ ಮೇಲೆ. ಚೀಟಿ, ಉಳಿತಾಯ, ಒಡವೆ ಸೇರಿ 1.60 ಹೊಂದಿಸಿದರೆ ಸಾಲ 4 ಲಕ್ಷ. ಶೇ 9ರ ಬಡ್ಡಿಗೆ 15 ವರ್ಷಕ್ಕೆ ತಿಂಗಳ ಕಂತು 4,060 ರೂಪಾಯಿ ಆಸುಪಾಸು. ಈಗ ಬಾಡಿಗೆ ಮನೆಯಲ್ಲಿದ್ದರೆ ಆ ಬಾಡಿಗೆಗೆ ಹೋಲಿಸಿ ನೋಡಿ.

ಎಸ್ಟಿಮೇಟಿನಲ್ಲಿ ಬರೆಯದೆ ಬಿಡುವ ಖರ್ಚುಗಳಿವೆ: ಹಳೇ ಮನೆ ಕೆಡವಿ ಮಣ್ಣು ಸಾಗಿಸುವುದು, ಕಟ್ಟುವ ತನಕದ ಬಾಡಿಗೆ ಮನೆ, ಮೀಟರ್ ಡಿಪಾಸಿಟ್. ಹಾಗೆಯೇ ಗಲ್ಲಿಯೊಳಗೆ ಲಾರಿ ಬಾರದಿದ್ದರೆ ಎಂ-ಸ್ಯಾಂಡ್, ಜಲ್ಲಿ, ಬ್ಲಾಕ್ ಎಲ್ಲವನ್ನೂ ಮುಖ್ಯರಸ್ತೆಯಿಂದ ತಲೆಹೊರೆಯಲ್ಲಿ ತರಬೇಕು. ಆ ಕೂಲಿ ಸಣ್ಣದಲ್ಲ. ಹಳೇ ಹೆಂಚು, ತೊಲೆ, ಬಾಗಿಲು ಮಾತ್ರ ಸುಮ್ನೆ ಎಸೆಯಬೇಡಿ, ಹೋಂಸ್ಟೇ ಕಟ್ಟುವವರು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ.

ಸಬ್ಸಿಡಿ ಮುಂಗಡವಾಗಿ ಬರುವುದಿಲ್ಲ. ಪಾಯ, ಲಿಂಟೆಲ್ (ಬಾಗಿಲು ಕಿಟಕಿ ಮೇಲಿನ ಕಾಂಕ್ರೀಟ್ ಪಟ್ಟಿ), ಛಾವಣಿ, ಪೂರ್ಣ ಎಂದು ಹಂತ ಮುಗಿದಂತೆ ಜಿಪಿಎಸ್ ಫೋಟೋ ತೆಗೆದು ಕಳಿಸಿದ ಮೇಲೆ ಕಂತು. ಅದೂ ತಡವಾಗುವುದುಂಟು. ಪಾಯದ ಹಂತಕ್ಕೆ ಬೇಕಾದ ದುಡ್ಡು ನಿಮ್ಮದೇ ಇರಲಿ. ಕಂತು ಬರಲಿಲ್ಲ ಎಂದು ಮೀಟರ್ ಬಡ್ಡಿಗೆ ಕೈಯೊಡ್ಡಿದರೆ ಸಬ್ಸಿಡಿಯೆಲ್ಲ ಬಡ್ಡಿಗೇ ಹೋಗುತ್ತದೆ.

8. ಕೆಲಸ ಶುರು ಮಾಡುವ ಕಾಲ

ಜೂನ್ ಒಳಗೆ ಮೋಲ್ಡ್ ಆಗಿರಬೇಕು. ಅಂದರೆ ಮಳೆ ನಿಂತ ಮೇಲೆ, ನವೆಂಬರ್ ಡಿಸೆಂಬರಿಗೆ ಪಾಯ. ಆದರೆ ಇದೇ ಹೊತ್ತಿಗೆ ತೋಟಗಳಲ್ಲಿ ಕಾಫಿ ಕೊಯ್ಲು. ಮೊದಲು ಅರೇಬಿಕಾ, ಅದರ ಹಿಂದೆ ರೊಬಸ್ಟಾ. ಕೂಲಿಯವರು ಹಣ್ಣು ಬಿಡಿಸಲು ಹೋಗಿಬಿಡುತ್ತಾರೆ. ಆದ್ದರಿಂದ ಮೇಸ್ತ್ರಿ ಹತ್ತಿರ ಅಕ್ಟೋಬರ್‌ನಲ್ಲೇ ಮಾತಾಡಿ ಆಳು ಗೊತ್ತು ಮಾಡಿಕೊಳ್ಳಿ.

ಒಪ್ಪಂದ ಬರವಣಿಗೆಯಲ್ಲಿರಲಿ. ಲೇಬರ್ ಕಂಟ್ರಾಕ್ಟ್ ಎಂದರೆ ಸಾಮಾನು ನಿಮ್ಮದು, ಕೆಲಸ ಅವರದು. ಸಾಮಾನು ಸಮೇತ ಕೊಟ್ಟರೆ ತಲೆಬಿಸಿ ಕಡಿಮೆ, ಆದರೆ ಕಬ್ಬಿಣ ಎಷ್ಟು ಎಂಎಂ, ಸಿಮೆಂಟ್ ಯಾವುದು, ಕರೆಂಟ್ ಪಾಯಿಂಟ್ ಎಷ್ಟು ಎಂದು ಬರೆದಿರಬೇಕು. ದುಡ್ಡು ಹಂತಕ್ಕೆ ತಕ್ಕಂತೆ ಕೊಡಿ. ಕೊನೆಯ ಹತ್ತನೇ ಒಂದು ಭಾಗ ಕೈಯಲ್ಲಿಟ್ಟುಕೊಳ್ಳಿ.

ಮೋಲ್ಡ್ ಹಾಕಿದ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಕನಿಷ್ಠ 10 ದಿನ. ಸೆಂಟ್ರಿಂಗ್ ಸಾಮಾನಿನ ಬಾಡಿಗೆ ಉಳಿಸಲು ಅವಸರ ಮಾಡುತ್ತಾರೆ, ಇಂಜಿನಿಯರ್ ಹೇಳುವ ತನಕ ಬಿಚ್ಚಲು ಬಿಡಬೇಡಿ.

9. ಕರೆಂಟು, ನೀರು, ಯುಜಿಡಿ (ಒಳಚರಂಡಿ)

2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, ನಕ್ಷೆಯಂತೆ ಕಟ್ಟದ ಮನೆಗಳಿಗೆ ಕರೆಂಟು ನೀರು ಕೊಡುವ ವಿಷಯದಲ್ಲಿ ಬಿಗಿ ಆಯಿತು. ಕರೆಂಟು ಕೊಡುವ ಮೆಸ್ಕಾಂಗೆ ಹೋಗುವಾಗ ನಗರಸಭೆಯಲ್ಲಿ ಮಂಜೂರಾದ ನಕ್ಷೆ ಕೈಯಲ್ಲಿರಲಿ. ಹಳೇ ಮನೆಯ ಮೀಟರ್ ಸರೆಂಡರ್ ಮಾಡುವ ಮೊದಲು ಅದನ್ನೇ ಮುಂದುವರಿಸಬಹುದಾ ಕೇಳಿ. ಕಟ್ಟಡದ ಕೆಲಸಕ್ಕೆ ತಾತ್ಕಾಲಿಕ ಸಂಪರ್ಕ ಬೇರೆ ತೆಗೆದುಕೊಳ್ಳಬೇಕು.

ಪಾಯ ತೋಡುವಾಗಲೇ ಯುಜಿಡಿ ಚೇಂಬರ್ ಎಲ್ಲಿದೆ, ಎಷ್ಟು ಆಳದಲ್ಲಿದೆ ಅಳೆಯಿರಿ. ಬಚ್ಚಲಿನ ಮಟ್ಟ ಅದಕ್ಕಿಂತ ತಗ್ಗಿದ್ದರೆ ಕೊಳಚೆ ನೀರು ವಾಪಸ್ ಮನೆಗೇ ಬರುತ್ತದೆ. ನಲ್ಲಿ ನೀರು ದಿನಾ ಬಾರದ ಬೀದಿಯಾದರೆ ಸಂಪ್‌ಗೆ, ಅಂದರೆ ನೆಲದೊಳಗಿನ ನೀರಿನ ತೊಟ್ಟಿಗೆ, ಮೆಟ್ಟಿಲ ಕೆಳಗೆ ಜಾಗ ಇಡಿ, ನಕ್ಷೆಯಲ್ಲೇ.

ಮನೆ ಪೂರ್ಣ ಆಗಿ ಕೊನೆಯ ಕಂತು ಬಂದ ಮೇಲೆ ನಗರಸಭೆಯಲ್ಲಿ ಖಾತೆಗೆ ಹೊಸ ಕಟ್ಟಡದ ಅಳತೆ ಸೇರಿಸಿಸಿ. ಯೋಜನೆಯ ಮನೆಯನ್ನು ಐದು ವರ್ಷ ಮಾರುವಂತಿಲ್ಲ. ಬಣ್ಣ ಹೊಡೆಸುವುದನ್ನು ಒಂದು ಮಳೆಗಾಲ ಮುಗಿಯುವ ತನಕ ಮುಂದೂಡಿ. ಎಲ್ಲಿ ಸೋರುತ್ತದೆ ಎಂದು ಮಳೆಯೇ ತೋರಿಸಿಕೊಡುತ್ತದೆ. ಅದನ್ನು ಸರಿ ಮಾಡಿಸಲು ಮೇಸ್ತ್ರಿಗೆ ಕೊಡಬೇಕಾದ ಆ ಹತ್ತನೇ ಒಂದು ಭಾಗ ಇನ್ನೂ ನಿಮ್ಮ ಹತ್ತಿರವೇ ಇರುತ್ತದೆ.